ಇಬ್ಬರು ಕೂತು ವಾದ ಮಾಡಿದರೆ: ಕೊಪ್ಪಳದಿಂದ ಕಂಡ ಸಿನಿಮಾ ವಿಮರ್ಶೆ

ಶುಕ್ರವಾರ ಬೆಳಿಗ್ಗೆ ಹತ್ತೂವರೆ ಇರಬೇಕು. ಕೊಪ್ಪಳದ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲ್‌ನಲ್ಲಿ ಒಗ್ಗರಣೆ, ಮಿರ್ಚಿ ತಿನ್ನುತ್ತಾ ಕೂತಿದ್ದೆ. ಗೋಡೆಯ ಮೇಲಿನ ಟಿವಿಯಲ್ಲಿ ಬೆಂಗಳೂರಿನ ಒಂದು ಚಿತ್ರಮಂದಿರದ ಅಂಗಳ ಕಾಣುತ್ತಿತ್ತು. ಪಟಾಕಿ, ಹಾರ, ಕಟೌಟ್‌ಗೆ ಹಾಲು. ಮೈಕ್ ಮುಂದೆ ಬಂದ ಹುಡುಗರೆಲ್ಲ 'ಬೆಂಕಿ', 'ಹಬ್ಬ', 'ನೂರು ದಿನ ಪಕ್ಕಾ' ಎಂದು ಕೂಗುತ್ತಿದ್ದರು. ಸಿನಿಮಾ ಇನ್ನೂ ಅರ್ಧವಷ್ಟೇ ಮುಗಿದಿತ್ತು. ಇಂಟರ್ವಲ್‌ಗೆ ಹೊರಗೆ ಬಂದವರ ಮಾತು ಅದು.

ಎದುರಿಗೆ ಕುಕನೂರು ಕಡೆಯ ರೈತರೊಬ್ಬರು ಕೂತಿದ್ದರು. ಗೊಬ್ಬರ ತಗೊಂಡು ಹೋಗಲು ಬಂದವರು. ಟಿವಿ ನೋಡಿದರು. ನನ್ನ ಕೈಯಲ್ಲಿದ್ದ ಪೇಪರ್ ನೋಡಿದರು. "ಸರ, ಈ ಸಿನಿಮಾಕ್ಕ ಹೋಗಬಹುದೇನ್ರಿ? ಮನ್ಯಾಗ ಹುಡುಗ್ರು ಭಾಳ ಗಂಟುಬಿದ್ದಾರ" ಎಂದು ಕೇಳಿದರು.

ನನಗೆ ಉತ್ತರ ಹೊಳೆಯಲಿಲ್ಲ. ಆ ಹೊತ್ತಿಗಾಗಲೇ ಹಿಂದಿನ ರಾತ್ರಿಯ ಪ್ರೀಮಿಯರ್ ಶೋ ನೋಡಿದವರ ಮೂರು ವಿಮರ್ಶೆ ನನ್ನ ಮೊಬೈಲಿಗೆ ಬಂದಿದ್ದವು. ಒಬ್ಬರು ನಾಲ್ಕು ಸ್ಟಾರ್ ಕೊಟ್ಟಿದ್ದರು. ಇನ್ನೊಬ್ಬರು ಎರಡು. ಮತ್ತೊಬ್ಬರು 'ಒಂದು ಸಲ ನೋಡಬಹುದು' ಅಂದಿದ್ದರು. ಮೂರನ್ನೂ ಕೂಡಿಸಿ ಭಾಗಿಸಿದರೂ ಆ ರೈತರ ಪ್ರಶ್ನೆಗೆ ಉತ್ತರ ಸಿಗುತ್ತಿರಲಿಲ್ಲ.

ಅವರ ಲೆಕ್ಕ ನೋಡಿ. ಗಂಡ, ಹೆಂಡತಿ, ಒಬ್ಬ ಮಗ, ಒಬ್ಬಳು ಮಗಳು. ಟಿಕೆಟ್ ತಲೆಗೆ 120 ರೂಪಾಯಿ ಅಂದರೂ 480 ಆಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಾಯಿ, ಮಗಳಿಗೆ ಬಸ್ ಚಾರ್ಜ್ ಇಲ್ಲ. ಅಪ್ಪ, ಮಗನಿಗೆ ಇದೆ. ಇಂಟರ್ವಲ್‌ನಲ್ಲಿ ಮಕ್ಕಳು ಸುಮ್ನೆ ಕೂರುವುದಿಲ್ಲ ಅಲ್ವಾ, ಏನಾದರೂ ಕೊಡಿಸಬೇಕು. ಮಧ್ಯಾಹ್ನದ ಊಟ ಹೊರಗೇ. ಎಲ್ಲ ಸೇರಿ ಎಂಟುನೂರಕ್ಕೆ ಕಡಿಮೆ ಆಗುವುದಿಲ್ಲ. 2025–26ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ 370 ರೂಪಾಯಿ. ಎರಡು ದಿನ ಬಿಸಿಲಲ್ಲಿ ಮಣ್ಣು ಹೊತ್ತರೂ ಒಂದು ಮ್ಯಾಟಿನಿಗೆ ಸಾಲುವುದಿಲ್ಲ. ಸಿನಿಮಾಕ್ಕೆ ಹೋದ ದಿನದ ಕೆಲಸ ಹೋದದ್ದು ಬೇರೆ.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಟಿಕೆಟ್ ದರಕ್ಕೆ 200 ರೂಪಾಯಿಯ ಮಿತಿ ಹಾಕಿತು. ಅದೇ ತಿಂಗಳು ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. ಆಗ ಟಿವಿಯಲ್ಲಿ ನಡೆದ ಚರ್ಚೆಯೆಲ್ಲ ಬೆಂಗಳೂರಿನ ಮಲ್ಟಿಪ್ಲೆಕ್ಸ್‌ಗಳ ಸುತ್ತಲೇ ಸುತ್ತಿತು. ನಮ್ಮ ಕಡೆ ಎಷ್ಟೋ ಟಾಕೀಸ್‌ಗಳಲ್ಲಿ ಟಿಕೆಟ್ ಮೊದಲಿಂದಲೂ ಅದಕ್ಕಿಂತ ಕೆಳಗೇ ಇದೆ. ಇಲ್ಲಿ ಜೇಬಿಗೆ ಭಾರವಾಗುವುದು ಟಿಕೆಟ್‌ನ ಸುತ್ತಲಿನ ಖರ್ಚು. ಸಿನಿಮಾ ಕೈಕೊಟ್ಟರೆ 'ಬಿಡು, ಮುಂದಿನ ವಾರ ಇನ್ನೊಂದು' ಅನ್ನುವಂತಿಲ್ಲ. ಮುಂದಿನ ಸಿನಿಮಾ ಬಹುಶಃ ದೀಪಾವಳಿಗೆ. ಆದ್ದರಿಂದ ವಿಮರ್ಶಕರ ಮಾತು ಬೆಂಗಳೂರಿಗಿಂತ ಯಲಬುರ್ಗಾ, ಮಾನ್ವಿ, ಸಿರುಗುಪ್ಪದಂಥ ಊರುಗಳಿಗೇ ಜಾಸ್ತಿ ಬೇಕು. ಆದರೆ ಈ ಊರುಗಳನ್ನು ಮನಸ್ಸಲ್ಲಿ ಇಟ್ಟುಕೊಂಡು ಮಾತಾಡುವವರೇ ಇಲ್ಲ.

ಟಿವಿ ಈ ಕೆಲಸ ಮಾಡಬಲ್ಲದೇ? ಮಾಡಿ ತೋರಿಸಿದ ಒಂದು ಉದಾಹರಣೆ ಅಮೆರಿಕದಲ್ಲಿದೆ. ಅದು ಶುರುವಾದ ವರ್ಷಕ್ಕೂ ನಮ್ಮ ನೆಲಕ್ಕೂ ಒಂದು ನಂಟಿದೆ.

1975ರ ಆಗಸ್ಟ್ 1. ಅಮೆರಿಕದ ಎಟಿಎಸ್-6 ಉಪಗ್ರಹದ ಸಹಾಯದಿಂದ ಭಾರತದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತೋರಿಸುವ 'ಸೈಟ್' ಪ್ರಯೋಗ ಶುರುವಾಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿದ ಜಿಲ್ಲೆಗಳು ರಾಯಚೂರು, ಕಲಬುರಗಿ, ವಿಜಯಪುರ. ಕೊಪ್ಪಳ ಆಗ ರಾಯಚೂರು ಜಿಲ್ಲೆಯ ಒಳಗೇ ಇತ್ತು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಯ ಮನೆಗಳಿಗಿಂತ ಆರು ವರ್ಷ ಮೊದಲೇ ನಮ್ಮ ಹಳ್ಳಿಯ ಜನ ಒಂದೇ ಪೆಟ್ಟಿಗೆಯ ಮುಂದೆ ಒಟ್ಟಿಗೆ ಕೂತು ಟಿವಿ ನೋಡಿದ್ದಾರೆ. ಬೇಸಾಯ, ಆರೋಗ್ಯದ ಕಾರ್ಯಕ್ರಮಗಳು. ಒಂದು ವರ್ಷಕ್ಕೆ ಆ ಪ್ರಯೋಗ ಮುಗಿಯಿತು.

ಅದೇ 1975ರಲ್ಲಿ ಅಮೆರಿಕದ ಶಿಕಾಗೋ ನಗರದ ಒಂದು ಸಾರ್ವಜನಿಕ ಟಿವಿ ಕೇಂದ್ರದಲ್ಲಿ ಇಬ್ಬರು ಪತ್ರಕರ್ತರನ್ನು ಎದುರುಬದುರು ಕೂರಿಸಿದರು. ಜೀನ್ ಸಿಸ್ಕೆಲ್ 'ಶಿಕಾಗೋ ಟ್ರಿಬ್ಯೂನ್' ಪತ್ರಿಕೆಯವರು. ರೋಜರ್ ಎಬರ್ಟ್ ಅದರ ಎದುರಾಳಿ 'ಶಿಕಾಗೋ ಸನ್-ಟೈಮ್ಸ್' ಪತ್ರಿಕೆಯವರು. ಸಿನಿಮಾ ವಿಮರ್ಶೆಗೆ ಮೊಟ್ಟಮೊದಲ ಪುಲಿಟ್ಜರ್ ಪ್ರಶಸ್ತಿ ಪಡೆದವರು ಎಬರ್ಟ್. ಅದು ಬಂದದ್ದೂ 1975ರಲ್ಲೇ. ಒಂದೇ ಊರಿನ ಎರಡು ಪತ್ರಿಕೆಯವರು, ದಿನಾ ಒಬ್ಬರನ್ನೊಬ್ಬರು ಹಿಂದೆ ಹಾಕಲು ಓಡುವವರು. ಅಂಥವರನ್ನು ಅರ್ಧ ಗಂಟೆ ಒಟ್ಟಿಗೆ ಕೂರಿಸಿದ್ದೇ ಆ ಕಾರ್ಯಕ್ರಮದ ಗುಟ್ಟು.

ಅದು ನಡೆಯುತ್ತಿದ್ದ ಬಗೆ ಸರಳ. ಟಾಕೀಸ್‌ನ ಬಾಲ್ಕನಿಯಂತೆ ಕಾಣುವ ಸೆಟ್. ವಾರಕ್ಕೆ ನಾಲ್ಕೈದು ಹೊಸ ಸಿನಿಮಾ. ಒಂದೊಂದು ಸಿನಿಮಾವನ್ನು ಒಬ್ಬರು ಪರಿಚಯಿಸುತ್ತಿದ್ದರು. ಅದರ ಒಂದು ತುಣುಕು ತೋರಿಸುತ್ತಿದ್ದರು. ತಮ್ಮ ಅಭಿಪ್ರಾಯ ಹೇಳುತ್ತಿದ್ದರು. ಆಮೇಲೆ ಇನ್ನೊಬ್ಬರ ಸರದಿ. ಒಪ್ಪದಿದ್ದರೆ ಅಲ್ಲೇ ಮಾತಿಗೆ ಮಾತು. ಕೊನೆಗೆ ಹೆಬ್ಬೆರಳು ಮೇಲೆ ಅಥವಾ ಕೆಳಗೆ. ಈ ಹೆಬ್ಬೆರಳು ಬಂದದ್ದು 1986ರಲ್ಲಿ, ಇಬ್ಬರೂ ಡಿಸ್ನಿ ಕಂಪನಿಯ ಜೊತೆ ಸೇರಿ ಕಾರ್ಯಕ್ರಮ ಮಾಡಲು ಶುರುಮಾಡಿದಾಗ. 1999ರ ಫೆಬ್ರವರಿಯಲ್ಲಿ ಸಿಸ್ಕೆಲ್ ತೀರಿಕೊಳ್ಳುವವರೆಗೂ ಈ ಜೋಡಿಯ ಜಗಳ ನಡೆಯಿತು. ಎಬರ್ಟ್ 2013ರಲ್ಲಿ ತೀರಿಕೊಂಡರು.

ಇದರಲ್ಲಿ ಒಂದು ಸಂಗತಿ ಬಹಳ ಮುಖ್ಯ. ತುಣುಕು ತೋರಿಸಿದ ಮೇಲೆ ವಾದ. ಇಬ್ಬರೂ ಯಾವ ದೃಶ್ಯದ ಬಗ್ಗೆ ಕಚ್ಚಾಡುತ್ತಿದ್ದಾರೋ ಅದನ್ನು ಮನೆಯಲ್ಲಿ ಕೂತ ಪ್ರೇಕ್ಷಕರೂ ಕಣ್ಣಾರೆ ನೋಡಿರುತ್ತಿದ್ದರು. 'ಇವರು ಹೇಳೋದು ಸರಿ', 'ಅವರು ಹೇಳೋದು ಸುಳ್ಳು' ಎಂದು ಮನೆಯಲ್ಲೇ ತೀರ್ಮಾನಿಸಬಹುದಿತ್ತು. ಪ್ರೇಕ್ಷಕ ಮೂರನೆಯ ವಿಮರ್ಶಕನಾಗುತ್ತಿದ್ದ.

1987ರ ಒಂದು ಸಂಚಿಕೆಯ ಮಾತು ಸಿನಿಮಾ ಮಂದಿಯ ನಡುವೆ ಇವತ್ತಿಗೂ ಬರುತ್ತದೆ. ಅವತ್ತು 'ಫುಲ್ ಮೆಟಲ್ ಜಾಕೆಟ್' ಎಂಬ ಯುದ್ಧದ ಚಿತ್ರ ಚರ್ಚೆಗೆ ಬಂದಿತ್ತು. ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್, ಜಗತ್ತಿಗೇ ಹೆಸರಾದವರು. ಎಬರ್ಟ್ ಆ ಚಿತ್ರಕ್ಕೆ ಹೆಬ್ಬೆರಳು ಕೆಳಗೆ ಮಾಡಿದರು. ಅದೇ ಸಂಚಿಕೆಯಲ್ಲಿ ನಾಯಿಯೊಂದರ ಸಾಹಸದ ಮಕ್ಕಳ ಚಿತ್ರ 'ಬೆಂಜಿ ದಿ ಹಂಟೆಡ್'ಗೆ ಹೆಬ್ಬೆರಳು ಮೇಲೆ ಎತ್ತಿದರು. ಸಿಸ್ಕೆಲ್ ಬಿಡುತ್ತಾರೆಯೇ? ಕುಬ್ರಿಕ್ ಬೇಡ, ನಾಯಿ ಬೇಕಾ ಎಂದು ಅಲ್ಲೇ ಹಿಡಿದುಕೊಂಡರು. ಆ ಎರಡನ್ನೂ ಎದುರುಬದುರು ಇಟ್ಟು ತೂಗುವುದು ನ್ಯಾಯವಲ್ಲ ಎಂದು ಎಬರ್ಟ್ ಪಟ್ಟು ಹಿಡಿದರು. ಒಂದು ಸಿನಿಮಾ ಯಾರಿಗಾಗಿ, ಏನು ಮಾಡಲು ಹೊರಟಿದೆ ಎಂದು ನೋಡಿ ಅಳೆಯಬೇಕು ಎಂಬುದು ಅವರು ಕೊನೆಯವರೆಗೂ ಬಿಡದ ನಿಲುವು.

ಯಾರು ಸರಿ ಎಂದು ಕೇಳಿದರೆ ನಾನು ಆ ಯುದ್ಧದ ಚಿತ್ರದ ವಿಷಯದಲ್ಲಿ ಸಿಸ್ಕೆಲ್ ಕಡೆ. ಆದರೆ ಅಳತೆಗೋಲಿನ ವಿಷಯದಲ್ಲಿ ಎಬರ್ಟ್ ಕಡೆ. ಕುಕನೂರಿನ ಆ ಅಪ್ಪ ಕೇಳಿದ್ದೂ ಅದೇ ಪ್ರಶ್ನೆ ಅಲ್ವಾ? ಸಿನಿಮಾ ದೊಡ್ಡದೋ ಸಣ್ಣದೋ ಎಂದು ಅವರು ಕೇಳಲಿಲ್ಲ. ನನ್ನ ಮಕ್ಕಳ ಜೊತೆ ನಾನು ಹೋಗಬಹುದೇ ಎಂದು ಕೇಳಿದರು. ನಾಲ್ಕು ಸ್ಟಾರ್ ಈ ಪ್ರಶ್ನೆಯ ಹತ್ತಿರವೂ ಸುಳಿಯುವುದಿಲ್ಲ.

ಆ ಜೋಡಿಯಿಂದ ಇನ್ನೊಂದು ಉಪಕಾರವೂ ಆಯಿತು. 'ಹೂಪ್ ಡ್ರೀಮ್ಸ್' ಎಂಬ ಸಾಕ್ಷ್ಯಚಿತ್ರ 1994ರದು. ಶಿಕಾಗೋದ ಇಬ್ಬರು ಬಡ ಹುಡುಗರ ಬಾಸ್ಕೆಟ್‌ಬಾಲ್ ಕನಸಿನ ಕಥೆ. ಸುಮಾರು ಮೂರು ಗಂಟೆ ಉದ್ದ. ಸ್ಟಾರ್ ಇಲ್ಲ, ಹಾಡಿಲ್ಲ. ಅದನ್ನು ಬಿಡುಗಡೆ ಮಾಡುವ ಹಂಚಿಕೆದಾರರು ಸಿಗುವ ಮೊದಲೇ ಇಬ್ಬರೂ ಟಿವಿಯಲ್ಲಿ ಅದರ ಬಗ್ಗೆ ಮಾತಾಡಿದರು. ಮತ್ತೆ ಮತ್ತೆ ಮಾತಾಡಿದರು. ದುಡ್ಡಿನ ಬಲವಿಲ್ಲದ ಚಿತ್ರಕ್ಕೆ ಪ್ರೇಕ್ಷಕರು ಸಿಕ್ಕರು. ಯಾವಾಗಲೂ ಜಗಳ ಆಡುವ ಇಬ್ಬರು ಒಂದಾಗಿ 'ಇದನ್ನು ನೋಡಿ' ಅಂದಾಗ ಜನ ಕಿವಿಗೊಟ್ಟರು. ದಿನಾ ಹೊಗಳುವವರ ಹೊಗಳಿಕೆಗೆ ಆ ತೂಕ ಬರುವುದಿಲ್ಲ.

ಹೆಬ್ಬೆರಳಿನ ಮೇಲೆ ದೂರು ಇರಲಿಲ್ಲ ಅಂತಲ್ಲ. ಮೂರು ಗಂಟೆಯ ಕೆಲಸವನ್ನು ಒಂದು ಬೆರಳಿಗೆ ಇಳಿಸಿದರು ಎಂದು ಅಮೆರಿಕದ ಬೇರೆ ವಿಮರ್ಶಕರು ಬೇಸರ ಮಾಡಿಕೊಂಡರು. ಆ ದೂರಿನಲ್ಲಿ ನಿಜವಿದೆ. ಪೋಸ್ಟರ್ ಮೇಲೆ ಉಳಿದದ್ದು ಬೆರಳು ಮಾತ್ರ, ವಾದ ಅಲ್ಲ. ಜಗತ್ತಿನ ತುಂಬ ನಕಲಾದದ್ದೂ ಬೆರಳೇ. ನಮ್ಮಲ್ಲಿಗೆ ಅದು ಸ್ಟಾರ್ ಆಗಿ ಬಂತು, ಶೇಕಡಾವಾರು ಆಗಿ ಬಂತು, ಆ್ಯಪ್‌ನಲ್ಲಿ ಹೃದಯದ ಗುರುತಾಗಿ ಬಂತು. ಎದುರು ಕೂತು 'ಯಾಕೆ?' ಎಂದು ಕೇಳುವ ಎರಡನೆಯ ಮನುಷ್ಯ ಮಾತ್ರ ಬರಲಿಲ್ಲ.

ಯಾಕೆ ಬರಲಿಲ್ಲ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೊದಲ ಕಾರಣ ಸಮಯ. ರೀಲ್ ಡಬ್ಬಿಯ ಕಾಲದಲ್ಲಿ ಪ್ರಿಂಟ್‌ಗಳು ಲೆಕ್ಕದಲ್ಲಿರುತ್ತಿದ್ದವು. ಬೆಂಗಳೂರು, ಮೈಸೂರಿನಲ್ಲಿ ಓಡಿ, ಆಮೇಲೆ ಬಳ್ಳಾರಿಗೆ ಬಂದು, ಕುಷ್ಟಗಿ, ಲಿಂಗಸುಗೂರಿನಂಥ 'ಸಿ ಸೆಂಟರ್' ಎಂದು ಕರೆಯುವ ಸಣ್ಣ ಊರುಗಳಿಗೆ ಬರುವ ಹೊತ್ತಿಗೆ ತಿಂಗಳುಗಳೇ ಕಳೆದಿರುತ್ತಿದ್ದವು. ಡಬ್ಬಿ ಬರುವ ಮೊದಲೇ ಸುದ್ದಿ ಬರುತ್ತಿತ್ತು. ಬಳ್ಳಾರಿಯಲ್ಲಿ ನೋಡಿ ಬಂದ ಭಾವ, ಹೊಸಪೇಟೆಯಲ್ಲಿ ಓದುವ ಅಣ್ಣನ ಮಗ, ಇವರೇ ನಮಗೆ ವಿಮರ್ಶಕರು. ಅವರ ರುಚಿ ನಮಗೆ ಗೊತ್ತಿರುತ್ತಿತ್ತು. 'ಭಾವ ಹೊಡೆದಾಟ ಇಷ್ಟಪಡೋರು, ಅವರಿಗೆ ಹಿಡಿಸಿದ್ದು ಅಮ್ಮನಿಗೆ ಹಿಡಿಸಲಿಕ್ಕಿಲ್ಲ' ಎಂದು ಲೆಕ್ಕ ಹಾಕುತ್ತಿದ್ದೆವು.

ಡಿಜಿಟಲ್ ಪ್ರೊಜೆಕ್ಷನ್ ಬಂದ ಮೇಲೆ ಬೆಂಗಳೂರು, ಕುಷ್ಟಗಿ ಎರಡಕ್ಕೂ ಸಿನಿಮಾ ಒಂದೇ ಬೆಳಿಗ್ಗೆ ಬರುತ್ತದೆ. ಇದು ಒಳ್ಳೆಯದೇ. ನಮ್ಮನ್ನು ಕೊನೆಯ ಸಾಲಿನಲ್ಲಿ ಕೂರಿಸುವುದು ನಿಂತಿತು. ಆದರೆ ಗಳಿಕೆಯೆಲ್ಲ ಮೊದಲ ಮೂರು ದಿನದಲ್ಲಿ ಆಗಬೇಕೆಂಬ ಆತುರವೂ ಜೊತೆಗೇ ಬಂತು. ಕೆಲವು ವಾರ ಕಳೆದರೆ ಎಷ್ಟೋ ಚಿತ್ರಗಳು ಒಟಿಟಿಗೆ ಹೋಗುತ್ತವೆ. ಶುಕ್ರವಾರ ಬೆಳಿಗ್ಗೆ ಒಂದು ಒಳ್ಳೆಯ ಮಾತು ಬಂದರೆ ಲಾಭ, ಒಂದು ಕೆಟ್ಟ ಮಾತು ಬಂದರೆ ನಷ್ಟ. ಈ ಆತುರದಲ್ಲಿ ಇಬ್ಬರು ಕೂತು ಯೋಚಿಸಿ ವಾದ ಮಾಡಲು ಪುರುಸೊತ್ತು ಎಲ್ಲಿ?

ಎರಡನೆಯ ಕಾರಣ ದುಡ್ಡು. ಚಾನೆಲ್‌ಗೆ ಸಿನಿಮಾದ ಜಾಹೀರಾತು ಬೇಕು, ನಾಯಕ ನಟರ ಸಂದರ್ಶನ ಬೇಕು. ಸೋಮವಾರ ಸಂದರ್ಶನ ಕೊಟ್ಟ ನಾಯಕನ ಚಿತ್ರವನ್ನು ಶುಕ್ರವಾರ 'ಸೋತಿದೆ' ಎಂದು ಹೇಳುವುದು ಸುಲಭವಲ್ಲ. ಯೂಟ್ಯೂಬ್‌ನಲ್ಲಿ ಒಬ್ಬಂಟಿಯಾಗಿ ವಿಮರ್ಶೆ ಮಾಡುವವರ ಕಷ್ಟ ಬೇರೆ. ಹೊಗಳಿದರೆ ದುಡ್ಡು ತಗೊಂಡ ಅನ್ನುತ್ತಾರೆ. ತೆಗಳಿದರೆ ಎದುರು ಪಾಳಯದ ದುಡ್ಡು ತಗೊಂಡ ಅನ್ನುತ್ತಾರೆ. ಅಭಿಮಾನಿಗಳ ಬೈಗುಳ ಮನೆಯವರ ತನಕ ಹೋಗುತ್ತದೆ. ನಿಜವಾಗಿ ದುಡ್ಡು ತಗೊಂಡು ಮಾತಾಡುವವರಿಗೆ ಕಾನೂನು ಇಲ್ಲದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರಲ್ಲಿ ದಾರಿತಪ್ಪಿಸುವ ಜಾಹೀರಾತಿನ ಬಗ್ಗೆ ಮಾರ್ಗಸೂಚಿ ತಂದಿದೆ. ಹಣ, ಉಡುಗೊರೆ, ಪ್ರವಾಸ ಏನೇ ಪಡೆದು ಪ್ರಚಾರ ಮಾಡಿದರೂ ಅದನ್ನು ನೋಡುಗರಿಗೆ ತಿಳಿಯುವಂತೆ ಹೇಳಬೇಕು. ದಾರಿತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿ ತನಕ ದಂಡ ಹಾಕಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ. ಸಿನಿಮಾ ವಿಮರ್ಶೆ ಎಂಬ ಹೆಸರಿನಲ್ಲಿ ಬರುವ ಪ್ರಚಾರಕ್ಕೂ ಇದನ್ನು ಗಟ್ಟಿಯಾಗಿ ಹಿಡಿಯಬೇಕು ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ತುಣುಕಿನ ಸಮಸ್ಯೆ. 1957ರ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ವಿಮರ್ಶೆಗಾಗಿ ಕೃತಿಯನ್ನು ನ್ಯಾಯವಾಗಿ ಬಳಸಲು ಬಿಡುತ್ತದೆ. ಆದರೂ ಹತ್ತು ಸೆಕೆಂಡಿನ ತುಣುಕು ಹಾಕಿದರೆ ಕಾಪಿರೈಟ್ ಮುರಿದ ದೂರು, ಅಂದರೆ 'ಸ್ಟ್ರೈಕ್', ಬಂದು ಚಾನೆಲ್ಲೇ ಹೋಗಬಹುದೆಂಬ ಭಯ ಯೂಟ್ಯೂಬ್ ಮಂದಿಗಿದೆ. ಹೀಗಾಗಿ ಪೋಸ್ಟರ್ ಮುಂದೆ ಒಂದು ಮುಖ, ಹತ್ತು ನಿಮಿಷ ಬರೀ ಮಾತು. 'ಕ್ಯಾಮೆರಾ ಕೆಲಸ ಸೂಪರ್' ಅಂದರೆ ನಾವು ನಂಬಬೇಕು, ಅಷ್ಟೇ. ನೋಡಿ ಒಪ್ಪುವ ಅವಕಾಶ ಇಲ್ಲ.

ಈಗ ಜಗಳ ಕೋರ್ಟ್ ಮೆಟ್ಟಿಲೇರಿದೆ. ಕೇರಳದಲ್ಲಿ 2023ರಲ್ಲಿ, ಹೊಸ ಚಿತ್ರಗಳನ್ನು ಬೇಕೆಂದೇ ಕೆಡವುವ ವಿಮರ್ಶೆಗಳ ಬಗ್ಗೆ ಹೈಕೋರ್ಟ್‌ಗೆ ದೂರು ಹೋಯಿತು. ಕೋರ್ಟ್ ನೇಮಿಸಿದ ಸಲಹೆಗಾರರು 2024ರಲ್ಲಿ ಕೊಟ್ಟ ವರದಿಯಲ್ಲಿ, ಬಿಡುಗಡೆಯಾಗಿ 48 ಗಂಟೆ ಕಳೆಯುವವರೆಗೆ ವ್ಲಾಗರ್‌ಗಳು ವಿಮರ್ಶೆ ಹಾಕದಿರುವುದು ಒಳ್ಳೆಯದು ಎಂದರು. ತಮಿಳು ನಿರ್ಮಾಪಕರ ಸಂಘವೊಂದು ಮೊದಲ ಮೂರು ದಿನ ವಿಮರ್ಶೆ ನಿಲ್ಲಿಸಬೇಕೆಂದು ಮದ್ರಾಸ್ ಹೈಕೋರ್ಟ್‌ಗೆ ಹೋಯಿತು. 2024ರ ಡಿಸೆಂಬರ್‌ನಲ್ಲಿ ಕೋರ್ಟ್ ಅಂಥ ತಡೆ ಕೊಡಲು ಒಪ್ಪಲಿಲ್ಲ. ಕನ್ನಡದಲ್ಲೂ ಇತ್ತೀಚೆಗೆ ಟಿಕೆಟ್ ಆ್ಯಪ್‌ನಲ್ಲಿ ಕೋರ್ಟ್ ಆದೇಶದ ಮೇರೆಗೆ ಸಿನಿಮಾದ ರೇಟಿಂಗ್ ಮುಚ್ಚಿಟ್ಟದ್ದನ್ನು ನಾವೇ ನೋಡಿದ್ದೇವೆ.

ನಿರ್ಮಾಪಕರ ಸಂಕಟ ನನಗೆ ಅರ್ಥವಾಗುತ್ತದೆ. ಎರಡು ವರ್ಷದ ದುಡಿಮೆ, ಸಾಲ, ಬಡ್ಡಿ. ಸಿನಿಮಾ ನೋಡದವರೇ ಗುಂಪಾಗಿ ಬಂದು ಒಂದು ಸ್ಟಾರ್ ಒತ್ತಿ ಹೋದರೆ ಹೊಟ್ಟೆ ಉರಿಯದೆ ಇರುತ್ತದೆಯೇ? ಅಂಥ ಸುಳ್ಳು ರೇಟಿಂಗ್ ತಡೆಯಲೇಬೇಕು. ಆದರೆ ಟಿಕೆಟ್ ಕೊಂಡು ನೋಡಿದವರ ಬಾಯಿಗೆ ಬೀಗ ಹಾಕುವುದು ಬೇರೆ ಮಾತು. ಸಂವಿಧಾನದ 19(1)(ಎ) ವಿಧಿ ಕೊಟ್ಟ ಮಾತಿನ ಹಕ್ಕು ಮೂರು ದಿನ ರಜೆ ಹಾಕುವುದಿಲ್ಲ. ಒಂದು ವೇಳೆ 48 ಗಂಟೆ ವಿಮರ್ಶೆ ನಿಂತರೆ ಏನಾಗುತ್ತದೆ? ಅಂಗಳದ ಪಟಾಕಿ, 'ನೂರು ದಿನ ಪಕ್ಕಾ' ನಿಲ್ಲುವುದಿಲ್ಲ. ಆ ಎರಡು ದಿನ ಪ್ರಚಾರದ ದನಿ ಮಾತ್ರ ಉಳಿಯುತ್ತದೆ. ಶನಿವಾರದ ಬಸ್ ಹತ್ತಿ ಬರುವ ನಮ್ಮ ಕಡೆಯ ಕುಟುಂಬ ಅದನ್ನು ನಂಬಿ ಬರಬೇಕಾಗುತ್ತದೆ.

ಇನ್ನು ರುಚಿಯ ಮಾತು. ಬೆಂಗಳೂರಿನ ಸ್ಟುಡಿಯೋದಲ್ಲಿ ಕೂತವರಿಗೆ ಈ ಭಾಗದ ಪ್ರೇಕ್ಷಕ ಯಾರು ಎಂಬ ಚಿತ್ರವೇ ಇಲ್ಲ ಅನ್ನಿಸುತ್ತದೆ. ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ರಾಜ್ಯದಲ್ಲಿತ್ತು. ರಾಯಚೂರು, ಕೊಪ್ಪಳ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಹಿಂದಿ ಸಿನಿಮಾ ವ್ಯಾಪಾರದ ಲೆಕ್ಕದಲ್ಲಿ ರಾಯಚೂರನ್ನು ಇವತ್ತಿಗೂ 'ನಿಜಾಂ' ಏರಿಯಾಕ್ಕೆ ಸೇರಿಸುತ್ತಾರೆ. ವಕೀಲಿಕೆ ಮಾಡುತ್ತಲೇ ತೆಲುಗು ರಂಗಭೂಮಿಯ ಮಹಾನಟರಾದ ಬಳ್ಳಾರಿ ರಾಘವ (1880–1946) ಈ ಊರಿನವರು. ಬಳ್ಳಾರಿಯಲ್ಲಿ ಒಂದೇ ಮನೆಯ ಮೂವರು ಕನ್ನಡ, ತೆಲುಗು, ಹಿಂದಿ ಮೂರೂ ಚಿತ್ರ ನೋಡಿ ಬಂದು ಊಟಕ್ಕೆ ಕೂತು ಹೋಲಿಸುತ್ತಾರೆ. ನಮ್ಮವರು ಕನ್ನಡ ಚಿತ್ರವನ್ನು ಅದೇ ವಾರದ ತೆಲುಗು ಚಿತ್ರದ ಪಕ್ಕ ಇಟ್ಟು ನೋಡುತ್ತಾರೆ. ಯಾವುದಕ್ಕೆ ಆ ಎಂಟುನೂರು ಹಾಕಬೇಕು ಎಂಬುದೇ ಪ್ರಶ್ನೆ. ಈ ಹೋಲಿಕೆ ಮಾಡಿ ಹೇಳುವ ವಿಮರ್ಶೆ ನಾನಂತೂ ಟಿವಿಯಲ್ಲಿ ಕಂಡಿಲ್ಲ.

ಭಾಷೆಯ ವಿಷಯ ಇನ್ನೂ ಸೂಕ್ಷ್ಮ. ಸಿನಿಮಾದಲ್ಲಿ ಯಾರಾದರೂ 'ಹೌದ್ರೀ', 'ಬರ್ರೀ' ಅಂದರೆ ಸಾಕು, 'ಉತ್ತರ ಕರ್ನಾಟಕದ ಸೊಗಡು ಅದ್ಭುತವಾಗಿ ಮೂಡಿದೆ' ಎಂದು ಬರೆಯುತ್ತಾರೆ. ಇಲ್ಲಿ ಟಾಕೀಸ್‌ನಲ್ಲಿ ಕೂತವರಿಗೆ ತಕ್ಷಣ ಗೊತ್ತಾಗುತ್ತದೆ, ರಾಯಚೂರಿನ ಹೊಲದಲ್ಲಿ ನಿಂತ ಪಾತ್ರದ ಬಾಯಿಗೆ ಧಾರವಾಡದ ಮಾತು ತುರುಕಿದ್ದಾರೆ ಎಂದು. ರಾಯಚೂರಿನ ಮಾತಲ್ಲಿ ದಖನಿ ಉರ್ದುವಿನ ಎಳೆ ಇದೆ. ಬಳ್ಳಾರಿಯ ಮಾತಿನ ಓಟದಲ್ಲಿ ತೆಲುಗಿನ ಎಳೆ ಇದೆ. ಈ ವ್ಯತ್ಯಾಸ ಹಿಡಿದು ಹೇಳುವ ಒಬ್ಬ ವಿಮರ್ಶಕ ಎದುರು ಕೂತಿದ್ದರೆ 'ಸೊಗಡು' ಎಂಬ ಒಂದೇ ಪದದಲ್ಲಿ ಮುಗಿಸಲು ಆಗುತ್ತಿರಲಿಲ್ಲ.

ವಾದ ಮಾಡುವ ಮಂದಿ ನಮ್ಮಲ್ಲಿ ಇಲ್ಲವೇ? ಇದ್ದಾರೆ, ಬೇಕಾದಷ್ಟು. ನೋಡುವುದು, ನೋಡಿ ಜಗಳ ಆಡುವುದು ಈ ನೆಲಕ್ಕೆ ಹಳೆಯದು. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರ ತೊಗಲು ಗೊಂಬೆಯಾಟಕ್ಕೆ 2025ರಲ್ಲಿ ಪದ್ಮಶ್ರೀ ಬಂತು. ಪರದೆಯ ಮೇಲೆ ಆಡುವ ನೆರಳನ್ನು ರಾತ್ರಿಯೆಲ್ಲ ಎದ್ದಿದ್ದು ನೋಡಿದ ಜನ ನಾವು. ದೊಡ್ಡಾಟ ಮುಗಿದ ಬೆಳಿಗ್ಗೆ ಕಟ್ಟೆಯ ಮೇಲೆ ನಡೆಯುವ ಮಾತು ಕೇಳಿದವರಿಗೆ ಗೊತ್ತು. ಯಾರ ಹೆಜ್ಜೆ ತಾಳ ತಪ್ಪಿತು, ದುರ್ಯೋಧನನ ಮಾತಿಗೆ ತೂಕ ಬಂತೋ ಇಲ್ಲವೋ, ಹಾರ್ಮೋನಿಯಂ ಎಲ್ಲಿ ಹಿಂದೆ ಬಿತ್ತು, ಒಂದೊಂದನ್ನೂ ಹೆಕ್ಕಿ ಆಡುತ್ತಾರೆ. ವೇಷ ಹಾಕಿದವನು ಅಲ್ಲೇ ಕೂತಿರುತ್ತಾನೆ. ಅವನೂ ವಾದ ಮಾಡುತ್ತಾನೆ.

ಕಳೆದ ವರ್ಷ ಗಂಗಾವತಿಯಲ್ಲಿ ಒಂದು ಸಣ್ಣ ಸಿನಿಮಾ ಬಿಟ್ಟ ಮೇಲೆ ಚಹಾದ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತು ಇನ್ನೂ ನೆನಪಿದೆ. ಮಗನ ಫೋನ್‌ಗಾಗಿ ಕಾಯುವ ಹಳ್ಳಿಯ ತಾಯಿಯ ಕಥೆ ಅದು. ಆಟೋ ಓಡಿಸುವ ಹುಡುಗನೊಬ್ಬ, ನಿವೃತ್ತ ಮಾಸ್ತರರೊಬ್ಬರು ಅಕ್ಕಪಕ್ಕ ನಿಂತಿದ್ದರು.

"ಮಾಸ್ತರ್ರ, ಐದು ನಿಮಿಷ ಆಕಿ ಫೋನ್ ನೋಡ್ಕೋತ ಕುಂದ್ರತಾಳ. ನಾವೂ ಆಕಿ ಜೋಡಿ ಕುಂದ್ರಬೇಕೇನ್ರಿ?"

"ಕುಂದ್ರಬೇಕಪಾ. ಫೋನ್ ಬರಲಾರದ ಐದು ನಿಮಿಷ ಎಷ್ಟು ಉದ್ದ ಇರತೈತಿ ಅಂತ ನಿನಗ ಗೊತ್ತಾಗಲಿ ಅಂತನ ಅಷ್ಟೊತ್ತು ಇಟ್ಟಾರ."

ಹುಡುಗ ಒಂದು ಗುಟುಕು ಚಹಾ ಕುಡಿದ. "ಅದು ಖರೇ ರೀ. ಆದ್ರ ಮಗ ಬಂದ ಮ್ಯಾಲ ಒಂದು ಹಾಡು ಯಾಕ ಹಾಕಿದ್ರು? ಅಷ್ಟೊತ್ತು ಕಾದಿದ್ದೆಲ್ಲ ನೀರಾಗ ಹೋತಲ್ಲ."

ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಆ ಹಾಡು ನನಗೂ ಬ್ಯಾಡ ಅನಿಸ್ತು ನೋಡು."

ಎರಡು ನಿಮಿಷದ ಮಾತು. ಅದರಲ್ಲಿ ಸಂಕಲನ ಇದೆ, ಸಂಗೀತ ಇದೆ, ದೃಶ್ಯದ ಉದ್ದಕ್ಕೆ ಕಾರಣ ಇದೆ. ಹುಡುಗ ಮಾಸ್ತರರ ಮಾತಿಗೆ ಒಂದು ಹೆಜ್ಜೆ ಬಂದ. ಮಾಸ್ತರರು ಹುಡುಗನ ಮಾತಿಗೆ ಒಂದು ಹೆಜ್ಜೆ ಹೋದರು. ಕೇಳುತ್ತಾ ನಿಂತ ನನಗೆ ಆ ಚಿತ್ರ ನೋಡಬೇಕೋ ಬೇಡವೋ ಎಂಬುದು ಸರಿಯಾಗಿ ತಿಳಿಯಿತು. ಹೋಗಿ ನೋಡಿದೆ. ಹಾಡಿನ ವಿಷಯದಲ್ಲಿ ಇಬ್ಬರೂ ಹೇಳಿದ್ದು ನಿಜ.

ಟಿವಿಯ ಈಗಿನ ಚರ್ಚೆಗಳನ್ನು ಇದರ ಪಕ್ಕ ಇಟ್ಟು ನೋಡಿ. ಪರದೆಯಲ್ಲಿ ಐದಾರು ಚೌಕ, ಚೌಕಕ್ಕೊಬ್ಬರು. ನಟರ ನಡುವಿನ ಮುನಿಸು, ಟೈಟಲ್ ವಿವಾದ, ಮೊದಲ ದಿನದ ಗಳಿಕೆ, ಇವುಗಳ ಮೇಲೆ ಗಂಟೆಗಟ್ಟಲೆ ಕೂಗಾಟ. ಗಳಿಕೆಯ ಅಂಕಿ ನಿರ್ಮಾಪಕರಿಗೆ ಮುಖ್ಯ, ಹಂಚಿಕೆದಾರರಿಗೆ ಮುಖ್ಯ. ಪ್ರೇಕ್ಷಕರಿಗೆ ಅದರಿಂದ ಏನಾಗಬೇಕು? ಸಿನಿಮಾದ ಒಂದೇ ಒಂದು ದೃಶ್ಯದ ಬಗ್ಗೆ ಇಬ್ಬರು ಕಾರಣ ಕೊಟ್ಟು ಮಾತಾಡಿದ್ದನ್ನು ನಮ್ಮ ಸುದ್ದಿ ಚಾನೆಲ್‌ಗಳಲ್ಲಿ ನಾನು ನೋಡಿ ಎಷ್ಟು ಕಾಲವಾಯಿತೋ.

ಇದಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಶಿಕಾಗೋದಲ್ಲಿ ಇದ್ದದ್ದು ಎರಡು ಕುರ್ಚಿ, ಒಂದಷ್ಟು ತುಣುಕು. ಫ್ರಾನ್ಸ್‌ನಲ್ಲಿ 1955ರಿಂದ 'ಲ ಮಾಸ್ಕ್ ಎ ಲಾ ಪ್ಲ್ಯೂಮ್' ಎಂಬ ರೇಡಿಯೋ ಕಾರ್ಯಕ್ರಮ ನಡೆಯುತ್ತಿದೆ. ವಿಮರ್ಶಕರು ಜನರ ಎದುರು ಕೂತು ಹೊಸ ಸಿನಿಮಾ, ನಾಟಕ, ಪುಸ್ತಕಗಳ ಬಗ್ಗೆ ಕಚ್ಚಾಡುತ್ತಾರೆ. ಅದರಲ್ಲಿ ದೃಶ್ಯವೇ ಇಲ್ಲ, ಬರೀ ದನಿ. ಆದರೂ ಎಪ್ಪತ್ತು ವರ್ಷ ಬಾಳಿದೆ. ರಾಯಚೂರಿನಲ್ಲಿ ಆಕಾಶವಾಣಿ ಕೇಂದ್ರ ಇದೆ. ಬಳ್ಳಾರಿಯಲ್ಲಿ ರಾಘವರ ಹೆಸರಿನ ಕಲಾಮಂದಿರ ಇದೆ. ಭಾನುವಾರ ಸಂಜೆ ಇಬ್ಬರನ್ನು ಕೂರಿಸಿ ಆ ವಾರದ ಕನ್ನಡ ಚಿತ್ರ, ತೆಲುಗು ಚಿತ್ರದ ಮಾತಾಡಿಸಬಹುದು. ಇಬ್ಬರಲ್ಲಿ ಒಬ್ಬರಾದರೂ ಹೆಣ್ಣುಮಗಳು ಇರಬೇಕು. ಮ್ಯಾಟಿನಿಗೆ ಮಕ್ಕಳನ್ನು ಕರೆದುಕೊಂಡು ಬರುವ ತಾಯಂದಿರ ಮಾತು ಈಗ ಯಾವ ಮೈಕಿಗೂ ಬೀಳುತ್ತಿಲ್ಲ. ಟಿಕೆಟ್‌ಗೆ ತಮ್ಮ ದುಡ್ಡು ಕೊಟ್ಟು ನೋಡಿದ್ದೇವೆ ಎಂದು ಇಬ್ಬರೂ ಮೊದಲೇ ಹೇಳಲಿ. ಚಿತ್ರತಂಡ ನೆಪ ಹೇಳದೆ ಎರಡು ನಿಮಿಷದ ತುಣುಕು ಕೊಡಲಿ. ಟ್ರೈಲರ್ ಹೇಗೂ ಕೊಡುತ್ತಾರಲ್ಲ.

ಗೊಬ್ಬರಕ್ಕೆ ಬಂದಿದ್ದ ಆ ರೈತರು ಹದಿನೈದು ದಿನದ ನಂತರ ಅದೇ ಹೋಟೆಲ್‌ನಲ್ಲಿ ಮತ್ತೆ ಸಿಕ್ಕರು. ಮನೆಯವರನ್ನೆಲ್ಲ ಕರೆದುಕೊಂಡು ಸಿನಿಮಾ ನೋಡಿ ಬಂದಿದ್ದರಂತೆ. ಹೇಗಿತ್ತು ಎಂದು ಕೇಳಿದೆ.

"ನನಗ ಸೇರಲಿಲ್ರಿ. ಹುಡುಗಗ ಸೇರೈತಿ. ಬಸ್ಸಿನ್ಯಾಗ ಊರು ಬರೂಮಟ ಇಬ್ಬರದೂ ಅದ ಜಗಳ."

"ಯಾಕ ಸೇರಲಿಲ್ಲ?"

"ಹೀರೋ ಹೊಲದಾಗ ಹೊಡದಾಡ್ತಾನ್ರಿ. ತೆನಿ ತುಂಬಿದ ಜ್ವಾಳ. ಅಷ್ಟೂ ಮುರಕೊಂಡು ಬಿತ್ತು. ಅದು ಯಾರ ಹೊಲ ಅಂತ ಸಿನಿಮಾ ಮುಗಿಯೂತನಕ ಒಬ್ಬರೂ ಕೇಳಲಿಲ್ಲ."

"ಮಗ ಏನಂತಾನ?"

"ವಿಲನ್ನಿನ ಹೊಲ ಇರಬೇಕಪ್ಪಾ ಅಂತಾನ್ರಿ. ವಿಲನ್ನಿಂದಾದ್ರೇನು ಸರ, ಅದನ್ನ ಬಿತ್ತಿದವರು ಬ್ಯಾರೆ ಇರತಾರ ಅಲ್ಲೇನ್ರಿ?"